ಪರವಾನಗಿ ಪಡೆದ ಬಂದೂಕನ್ನು ಮನೆಯಲ್ಲಿ ತುಕ್ಕು ಹಿಡಿಯದಂತೆ ಇರಿಸಿಕೊಳ್ಳುವ ಬಗ್ಗೆ ಮಾಹಿತಿ

ತುಮಕೂರು ತಾಲ್ಲೂಕಿನ ಕೋರ ಹೋಬಳಿ ಹಾಗೂ ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳ ಗ್ರಾಮಗಳಲ್ಲಿ ಬೆಳೆ ರಕ್ಷಣೆ ಅಥವಾ ಆತ್ಮರಕ್ಷಣೆಗಾಗಿ ಬಂದೂಕಿನ ಪರವಾನಗಿ ಹೊಂದಿರುವವರು, ಹೊಸದಾಗಿ ಪರವಾನಗಿ ಕೋರುವವರು ಮತ್ತು ನವೀಕರಣಕ್ಕೆ ಅರ್ಜಿ ಸಲ್ಲಿಸಲಿರುವವರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಪರವಾನಗಿಯ ಕಾಗದಪತ್ರಗಳನ್ನು ಬಹುತೇಕ ಮಂದಿ ಜೋಪಾನವಾಗಿ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕಾಯ್ದುಕೊಳ್ಳುತ್ತಾರೆ. ಬಂದೂಕು ಮಾತ್ರ ಗೋಣಿಚೀಲದಲ್ಲಿ ಸುತ್ತಿಕೊಂಡು ಅಟ್ಟದ ಮೇಲೋ ಬಾಗಿಲ ಸಂದಿಯಲ್ಲೋ ಉಳಿದಿರುತ್ತದೆ. ಆದರೆ ಕಾಗದ ಹರಿದರೆ ದೃಢೀಕೃತ ಪ್ರತಿ ದೊರೆಯಬಹುದು. ಬಂದೂಕಿನ ಮೇಲಿನ ಸಂಖ್ಯೆ ತುಕ್ಕಿನಲ್ಲಿ ಅಳಿದುಹೋದರೆ ಅದನ್ನು ಮರಳಿ ಪಡೆಯುವುದು ಸುಲಭವಲ್ಲ.

ತುಕ್ಕು ಕಾನೂನಿನ ವಿಷಯವೂ ಆಗುವುದು ಹೇಗೆ

ಪರವಾನಗಿಯಲ್ಲಿ ಬಂದೂಕಿನ ವಿಧ, ನಳಿಗೆಗಳ ಸಂಖ್ಯೆ, ತಯಾರಕರ ಹೆಸರು ಮತ್ತು ಬಂದೂಕಿನ ಮೇಲೆ ಅಚ್ಚೊತ್ತಿರುವ ಸಂಖ್ಯೆಯನ್ನು ನಮೂದಿಸಲಾಗಿರುತ್ತದೆ. ತಮ್ಮ ಕೈಯಲ್ಲಿರುವ ಬಂದೂಕು ಪರವಾನಗಿಯಲ್ಲಿ ಹೇಳಿರುವ ಬಂದೂಕೇ ಹೌದು ಎಂಬುದಕ್ಕೆ ಆ ಸಂಖ್ಯೆಯೇ ಮುಖ್ಯ ಸಾಕ್ಷಿ. ಆಯುಧ ಅಧಿನಿಯಮ, 1959ರ 8ನೆಯ ಪ್ರಕರಣದಂತೆ ಬಂದೂಕಿನ ಮೇಲಿನ ಹೆಸರು, ಸಂಖ್ಯೆ ಅಥವಾ ಇತರೆ ಗುರುತನ್ನು ಅಳಿಸುವುದು, ತೆಗೆಯುವುದು, ಬದಲಿಸುವುದು ನಿಷಿದ್ಧವಾಗಿದೆ. ಇದೇ ಪ್ರಕರಣದ ಮುಂದಿನ ಭಾಗವನ್ನು ಪರವಾನಗಿದಾರರು ವಿಶೇಷವಾಗಿ ಗಮನಿಸತಕ್ಕದ್ದು. ಗುರುತು ಅಳಿದಿರುವ ಬಂದೂಕು ಯಾರ ಸ್ವಾಧೀನದಲ್ಲಿ ಕಂಡುಬರುವುದೋ, ಬೇರೆ ರೀತಿ ರುಜುವಾಗುವವರೆಗೆ, ಅದನ್ನು ಅಳಿಸಿದವರು ಅವರೇ ಎಂದು ಭಾವಿಸಲಾಗುತ್ತದೆ. "ನಾನು ಅಳಿಸಲಿಲ್ಲ, ತುಕ್ಕು ತಿಂದಿತು" ಎಂಬುದು ನಿಜವೇ ಆಗಿದ್ದರೂ ಅದನ್ನು ರುಜುವಾತುಪಡಿಸುವ ಹೊಣೆ ಬಂದೂಕು ಹೊಂದಿರುವವರ ಮೇಲೆಯೇ ಬರುತ್ತದೆ.

ಹಳೆಯ ಕೇಪಿನ ಕೋವಿಗಳಲ್ಲಿ ಈ ಅಪಾಯ ಹೆಚ್ಚು. ಅವುಗಳಲ್ಲಿ ಅನೇಕವುಗಳ ಮೇಲೆ ಸಂಖ್ಯೆಯನ್ನು ಆಳವಿಲ್ಲದೆ ಕೊರೆದಿರುತ್ತದೆ. ತೆಳುವಾದ ತುಕ್ಕಿನ ಪದರ ಕಟ್ಟಿ ಅದನ್ನು ಮರಳು ಕಾಗದದಿಂದ ಒಂದೆರಡು ಬಾರಿ ಉಜ್ಜಿದರೂ ಸಾಕು, ಅಂಕಿಗಳು ಹೋಗುತ್ತವೆ. ಆದುದರಿಂದ ಈ ಪುಟವನ್ನು ಓದುತ್ತಿರುವ ಪರವಾನಗಿದಾರರು ಮೊದಲು ತಮ್ಮ ಬಂದೂಕಿನ ಸಂಖ್ಯೆಯನ್ನು ಪರವಾನಗಿಯೊಂದಿಗೆ ಹೋಲಿಸಿ ನೋಡುವುದು ಒಳಿತು. ಅಂಕಿಗಳು ಸ್ಪಷ್ಟವಾಗಿರುವಾಗಲೇ ಅವುಗಳ ಛಾಯಾಚಿತ್ರವನ್ನು ತೆಗೆದು ಪರವಾನಗಿಯ ಪ್ರತಿಯೊಂದಿಗೆ ಇರಿಸಿಕೊಂಡರೆ ಮುಂದೆ ನೆರವಾಗುತ್ತದೆ.

ನಮ್ಮ ಭಾಗದಲ್ಲಿ ತುಕ್ಕು ಹಿಡಿಯುವ ಕಾಲ

ಕಬ್ಬಿಣ, ಗಾಳಿಯಲ್ಲಿನ ಆಮ್ಲಜನಕ ಮತ್ತು ತೇವ ಈ ಮೂರೂ ಸೇರಿದಾಗ ತುಕ್ಕು ಉಂಟಾಗುತ್ತದೆ. ನೀರು ಕಣ್ಣಿಗೆ ಕಾಣಬೇಕೆಂದಿಲ್ಲ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡ 60ನ್ನು ಮೀರಿದಾಗ ಉಕ್ಕಿನ ಮೇಲೆ ಕಣ್ಣಿಗೆ ಕಾಣದ ನೀರಿನ ಪದರ ನಿಂತು ತುಕ್ಕಿನ ವೇಗ ಹೆಚ್ಚುತ್ತದೆ. ಉಪ್ಪಿನ ಅಂಶ ಇದ್ದಲ್ಲಿ ಇದಕ್ಕಿಂತ ಕಡಿಮೆ ತೇವವೂ ಸಾಕಾಗುತ್ತದೆ. ಬೆವರಿನಲ್ಲಿ ಉಪ್ಪು ಇದೆ. ಬಂದೂಕನ್ನು ಕೈಯಲ್ಲಿ ಹಿಡಿದು ಹಾಗೆಯೇ ಇರಿಸಿದಲ್ಲಿ ಕೆಲವು ವಾರಗಳ ನಂತರ ಬೆರಳ ಗುರುತಿನ ಆಕಾರದಲ್ಲಿಯೇ ತುಕ್ಕಿನ ಕಲೆ ಮೂಡುವುದನ್ನು ಅನೇಕರು ಕಂಡಿರಬಹುದು.

ತುಮಕೂರು ಜಿಲ್ಲೆ ಮಲೆನಾಡಲ್ಲ, ಇಲ್ಲಿ ಒಣಹವೆಯೇ ಹೆಚ್ಚು, ಹೀಗಿರುವಾಗ ತುಕ್ಕಿನ ಚಿಂತೆ ಏಕೆ ಎಂಬ ಭಾವನೆ ಸಹಜ. ಬೇಸಿಗೆಯ ಮಟ್ಟಿಗೆ ಅದು ಸರಿ. ಆದರೆ ಜಿಲ್ಲೆಯಲ್ಲಿ ಅತಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ. ಅದರ ಬೆನ್ನಿಗೆ ಇಬ್ಬನಿಯ ಬೆಳಗುಗಳು ಬರುತ್ತವೆ. ರಾತ್ರಿ ತಣ್ಣಗಾದ ಲೋಹದ ಮೇಲೆ ಬೆಳಗಿನ ತೇವಗಾಳಿ ತಾಗಿದಾಗ ಹನಿ ಕಟ್ಟುತ್ತದೆ. ರಾಗಿ ತೆನೆ ಕಟ್ಟಿ ಕೊಯ್ಲಿಗೆ ಬರುವ ಕಾಲವೂ, ರೈತರು ಹೊಲದ ಕಾವಲಿಗೆ ಬಂದೂಕನ್ನು ಹೊರತೆಗೆಯುವ ಕಾಲವೂ ಇದೇ ಆಗಿದೆ. ಅಂದರೆ ಬಂದೂಕು ಅತಿ ಹೆಚ್ಚು ಬಳಕೆಯಾಗುವ ತಿಂಗಳುಗಳಲ್ಲಿಯೇ ಅದಕ್ಕೆ ಅತಿ ಹೆಚ್ಚು ತೇವ ತಗಲುತ್ತದೆ. (ಬೆಳೆ ರಕ್ಷಣೆಯ ಪರವಾನಗಿಯು ವನ್ಯಜೀವಿಗಳನ್ನು ಕೊಲ್ಲಲು ಅನುಮತಿಯಲ್ಲ. ವನ್ಯಜೀವಿ ಸಂರಕ್ಷಣಾ ಅಧಿನಿಯಮ, 1972ರ ನಿರ್ಬಂಧಗಳು ಪರವಾನಗಿದಾರರಿಗೂ ಅನ್ವಯಿಸುತ್ತವೆ.)

ಮದ್ದು ತುಂಬಿಟ್ಟ ಕೇಪಿನ ಕೋವಿ

ಮನೆಯಲ್ಲಿರುವ ಬಂದೂಕುಗಳಲ್ಲಿ ಅತ್ಯಂತ ಬೇಗ ಹಾಳಾಗುವುದೂ, ಅತ್ಯಂತ ಅಪಾಯಕಾರಿಯಾಗುವುದೂ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಯೇ. ಆಯುಧ ಅಧಿನಿಯಮದ 13ನೆಯ ಪ್ರಕರಣವು ಬೆಳೆ ರಕ್ಷಣೆಗೆ ಮುಖ್ಯವಾಗಿ ಹೇಳುವುದು ಇದೇ ವಿಧದ ಕೋವಿಯನ್ನು. ಆದಕಾರಣ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ತಿಳಿಸಲಾಗುತ್ತಿದೆ.

ಕರಿಮದ್ದು ಉರಿದಾಗ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯಾಗಿಯೂ ಮಸಿಯಾಗಿಯೂ ಉಳಿಯುವ ಘನಪದಾರ್ಥವಾಗುತ್ತದೆ. ಇದರಲ್ಲಿ ಪೊಟ್ಯಾಸಿಯಮ್ ಕಾರ್ಬೊನೇಟ್, ಪೊಟ್ಯಾಸಿಯಮ್ ಸಲ್ಫೇಟ್ ಮುಂತಾದ ಲವಣಗಳಿರುತ್ತವೆ. ಇವುಗಳಲ್ಲಿ ಕಾರ್ಬೊನೇಟು ಗಾಳಿಯಿಂದ ನೀರನ್ನು ತಾನಾಗಿಯೇ ಎಳೆದುಕೊಳ್ಳುವ ಗುಣವುಳ್ಳದ್ದು. ಪೊಟ್ಯಾಸಿಯಮ್ ಕ್ಲೋರೇಟ್ ಬಳಸಿ ಮಾಡಿದ ಕೇಪುಗಳಾದರೆ ಅವು ಸಿಡಿದ ಮೇಲೆ ಉಳಿಯುವುದು ಪೊಟ್ಯಾಸಿಯಮ್ ಕ್ಲೋರೈಡ್. ಇದು ಗುಣದಲ್ಲಿ ಅಡುಗೆ ಉಪ್ಪಿನ ನೆಂಟನೇ ಸರಿ. ಒಂದು ಬಾರಿ ಹಾರಿಸಿ ತೊಳೆಯದೆ ಇರಿಸಿದ ನಳಿಗೆಯ ಒಳಗೆ ಮಳೆಗಾಲದ ಒಂದು ರಾತ್ರಿ ಕಳೆಯುವುದರೊಳಗೆ ಕೆಂಪು ಕಾಣಿಸಿಕೊಳ್ಳುವುದುಂಟು.

ಈ ಲವಣಗಳು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತವೆ. ಮಸಿ ಹಿಡಿದ ನಳಿಗೆಗೆ ನೇರವಾಗಿ ಎಣ್ಣೆ ಹಚ್ಚಿದರೆ ಲವಣವು ಎಣ್ಣೆಯ ಅಡಿಯಲ್ಲಿ ಉಳಿದುಕೊಂಡು ಲೋಹವನ್ನು ತಿನ್ನುತ್ತಲೇ ಇರುತ್ತದೆ. "ಎಣ್ಣೆ ಹಚ್ಚಿಯೇ ಇಟ್ಟಿದ್ದೆವು, ಆದರೂ ತುಕ್ಕು ಹಿಡಿಯಿತು" ಎಂಬ ದೂರಿಗೆ ಬಹುಪಾಲು ಕಾರಣ ಇದು. ಬಂದೂಕಿಗೆ ನೀರು ತಾಗಿಸಬಾರದೆಂಬ ನಂಬಿಕೆ ಇರುವುದರಿಂದ ಹಲವರಿಗೆ ಇದು ವಿಚಿತ್ರವೆನಿಸಬಹುದು. ಆದರೂ ಕರಿಮದ್ದಿನ ಕೋವಿಯನ್ನು, ಅದು ಖಾಲಿ ಇರುವುದನ್ನು ಖಚಿತಪಡಿಸಿಕೊಂಡ ನಂತರ, ಹಾರಿಸಿದ ದಿನವೇ ಸ್ವಲ್ಪ ಸಾಬೂನು ಬೆರೆಸಿದ ಬಿಸಿನೀರಿನಿಂದ ತೊಳೆಯಬೇಕು. ಗಜದ ಕಡ್ಡಿಗೆ ಹತ್ತಿಬಟ್ಟೆಯ ತುಂಡು ಸುತ್ತಿ, ಬಟ್ಟೆ ಮಸಿಯಿಲ್ಲದೆ ಹೊರಬರುವವರೆಗೆ ನಳಿಗೆಯೊಳಗೆ ಆಡಿಸಬೇಕು. ಬಿಸಿನೀರಿನಿಂದ ಕಾದ ಲೋಹ ತಾನೇ ಬೇಗ ಒಣಗುತ್ತದೆ. ನಂತರ ಒಣಬಟ್ಟೆಗಳನ್ನು ಒಂದಾದ ಮೇಲೊಂದರಂತೆ ಹಾಕಿ ತೇವವನ್ನು ಪೂರ್ಣವಾಗಿ ತೆಗೆದು, ಲೋಹ ಇನ್ನೂ ಬೆಚ್ಚಗಿರುವಾಗಲೇ ತೆಳುವಾಗಿ ಎಣ್ಣೆ ಸವರಬೇಕು. ಕೇಪು ಕೂರಿಸುವ ಮೊಳೆಯ ಸಣ್ಣ ತೂತು ಮತ್ತು ಅದರ ಸುತ್ತಲಿನ ತಗ್ಗು ಮರೆತುಹೋಗುವ ಜಾಗಗಳು. ಅಲ್ಲಿಯೇ ತುಕ್ಕು ಮೊದಲು ಬೇರೂರುತ್ತದೆ. ಮರುದಿನ ಇನ್ನೊಮ್ಮೆ ಬಟ್ಟೆಯಾಡಿಸಿ ನೋಡಿ, ಕಂದು ಬಣ್ಣ ಬಂದರೆ ಲವಣ ಉಳಿದಿದೆ ಎಂದರ್ಥ. ಆಗ ಪುನಃ ತೊಳೆಯಬೇಕಾಗುತ್ತದೆ.

ಇನ್ನು ಮದ್ದು ತುಂಬಿದ ಕೋವಿಯನ್ನು ಹಾಗೆಯೇ ಇರಿಸುವ ರೂಢಿಯ ಬಗ್ಗೆ. ರಾತ್ರಿ ಹಂದಿ ನುಗ್ಗಿದರೆ ತಕ್ಷಣ ಬೇಕಾಗುವುದೆಂದು ಮದ್ದು ಜಡಿದು, ಕೇಪನ್ನು ಮಾತ್ರ ತೆಗೆದು ಗೋಡೆಗೆ ಒರಗಿಸಿಡುವವರಿದ್ದಾರೆ. ಕೇಪು ಇಲ್ಲದಿರುವುದರಿಂದ ಅಪಾಯವಿಲ್ಲವೆಂಬ ಅವರ ತಿಳಿವಳಿಕೆ ತಪ್ಪು. ಕಿಡಿ ಅಥವಾ ಶಾಖದಿಂದಲೂ ಮದ್ದು ಹೊತ್ತಿಕೊಳ್ಳುತ್ತದೆ. ಕೇಪನ್ನು ಮನೆಯ ಇನ್ನೊಬ್ಬರು, ತುಂಬಿರುವುದನ್ನು ಅರಿಯದೆ, ಕೂರಿಸಿ ಕುದುರೆ ಎಳೆಯಬಹುದು. ಇತ್ತ ತೇವ ಹೀರಿದ ಮದ್ದು ನಳಿಗೆಯ ತಳದಲ್ಲಿ ಗಂಟುಕಟ್ಟಿ ಅಲ್ಲಿನ ಲೋಹವನ್ನು ತಿನ್ನುತ್ತಾ ಹೋಗುತ್ತದೆ. ಹಾರಿಸುವಾಗ ಅತಿ ಹೆಚ್ಚು ಒತ್ತಡವನ್ನು ತಡೆಯಬೇಕಾದ ಭಾಗ ಆ ತಳವೇ ಆಗಿದೆ. ಹೊರಗಿನಿಂದ ನೋಡಲು ಚೆನ್ನಾಗಿರುವ ಕೋವಿ ಒಳಗೆ ಕುಳಿಬಿದ್ದು ಸಿಡಿದರೆ ಮೊದಲು ಗಾಯಗೊಳ್ಳುವುದು ನಳಿಗೆಯ ಕೆಳಗೆ ಹಿಡಿದಿರುವ ಎಡಗೈ ಮತ್ತು ಕಣ್ಣು.

ಕೋವಿ ಖಾಲಿಯೇ ಎಂಬುದನ್ನು ಪರೀಕ್ಷಿಸಲು ಗಜದ ಕಡ್ಡಿಯನ್ನು ನಳಿಗೆಯೊಳಗೆ ನಿಧಾನವಾಗಿ ತಳ ಮುಟ್ಟುವವರೆಗೆ ಇಳಿಸಿ, ಬಾಯಿಯ ಮಟ್ಟದಲ್ಲಿ ಗುರುತು ಮಾಡಿಕೊಳ್ಳಬೇಕು. ನಂತರ ಅದನ್ನು ಹೊರತೆಗೆದು ನಳಿಗೆಯ ಹೊರಮೈಗೆ ಹಿಡಿದು ನೋಡಬೇಕು. ಕಡ್ಡಿಯ ತುದಿ ಕೇಪಿನ ಮೊಳೆಯ ಹತ್ತಿರದವರೆಗೆ ಬಾರದೆ ಕೆಲವು ಅಂಗುಲ ಮೊದಲೇ ನಿಂತರೆ ಒಳಗೆ ಮದ್ದೋ ಗುಂಡೋ ಇದೆ. ಪರೀಕ್ಷೆಯ ಹೊತ್ತಿನಲ್ಲಿ ಮುಖವಾಗಲಿ ಅಂಗೈಯಾಗಲಿ ನಳಿಗೆಯ ಬಾಯಿಯ ನೇರಕ್ಕೆ ಇರಕೂಡದು. ಹಳೆಯ ಮದ್ದು ಸಿಕ್ಕಿಕೊಂಡಿರುವುದು ಕಂಡುಬಂದಲ್ಲಿ ಅದನ್ನು ಕೆರೆದು ತೆಗೆಯಲು, ಒಲೆಯ ಬಳಿ ಕಾಯಿಸಲು ಅಥವಾ ಹಾರಿಸಿಯೇ ಖಾಲಿ ಮಾಡಲು ಪ್ರಯತ್ನಿಸಬಾರದು. ಠಾಣೆಗೆ ತಿಳಿಸಿ, ಪರವಾನಗಿ ಪಡೆದ ಬಂದೂಕು ದುರಸ್ತಿದಾರರ ಮೂಲಕವೇ ತೆಗೆಸತಕ್ಕದ್ದು.

ತೋಟಾ ಬಳಸುವ ಒಂಟಿನಳಿಗೆ ಮತ್ತು ಜೋಡುನಳಿಗೆ ಬಂದೂಕುಗಳಲ್ಲಿ ಈ ತೊಂದರೆ ಇಷ್ಟು ತೀವ್ರವಾಗಿರುವುದಿಲ್ಲ. ಹೊಗೆರಹಿತ ಮದ್ದಿನ ಇತ್ತೀಚಿನ ತೋಟಾಗಳಾದರೆ ನೀರಿನಿಂದ ತೊಳೆಯುವ ಅಗತ್ಯವೂ ಇಲ್ಲ. ನಳಿಗೆಯನ್ನು ಬಿಚ್ಚಿ, ಒಣಬಟ್ಟೆಯಿಂದ ಒರೆಸಿ ಎಣ್ಣೆ ಸವರಿದರೆ ಸಾಕು.

ಯಾವ ಎಣ್ಣೆ

ಗುಬ್ಬಿ, ತಿಪಟೂರು, ಕುಣಿಗಲ್ ಭಾಗದ ಮನೆಗಳಲ್ಲಿ ಕೈಗೆ ಮೊದಲು ಸಿಗುವುದು ಕೊಬ್ಬರಿ ಎಣ್ಣೆ. ಬಂದೂಕಿಗೆ ಅದು ತಕ್ಕುದಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಗಿನಲ್ಲಿ ಸೀಸೆಯಲ್ಲಿ ಹೆಪ್ಪುಗಟ್ಟುವ ಎಣ್ಣೆ ಬಂದೂಕಿನ ಕೀಲುಗಳಲ್ಲಿಯೂ ಹೆಪ್ಪುಗಟ್ಟುತ್ತದೆ. ಕಾಲಕ್ರಮೇಣ ಕಮಟು ಹಿಡಿದಾಗ ಅದರಲ್ಲಿ ಆಮ್ಲಗಳು ಬಿಡುಗಡೆಯಾಗಿ ಲೋಹಕ್ಕೆ, ವಿಶೇಷವಾಗಿ ಹಿತ್ತಾಳೆಯ ಭಾಗಗಳಿಗೆ, ಹಾನಿಯುಂಟಾಗುತ್ತದೆ. ಹಿತ್ತಾಳೆಯ ಮೇಲೆ ಕಾಣುವ ಹಸಿರು ಅಂಟು ಇದರ ಗುರುತು. ಕಡಲೆಕಾಯಿ ಎಣ್ಣೆ, ಹರಳೆಣ್ಣೆಗಳು ಒಣಗುತ್ತಾ ಅಂಟಾಗಿ ಧೂಳನ್ನು ಹಿಡಿದುಕೊಳ್ಳುತ್ತವೆ.

ಖನಿಜ ತೈಲವೇ ಯೋಗ್ಯ. ಬಂದೂಕಿಗೆಂದೇ ತಯಾರಿಸಿದ ಎಣ್ಣೆ ದೊರೆಯದಿದ್ದಲ್ಲಿ ಹೊಲಿಗೆ ಯಂತ್ರಕ್ಕೆ ಬಳಸುವ ತಿಳಿ ಎಣ್ಣೆ ನಿತ್ಯದ ಆರೈಕೆಗೆ ಸಾಕಾಗುತ್ತದೆ. ಇದು ಯಾವುದೇ ಪಟ್ಟಣದ ಅಂಗಡಿಯಲ್ಲಿ ಅಲ್ಪ ಬೆಲೆಗೆ ದೊರೆಯುತ್ತದೆ. ತಿಂಗಳುಗಟ್ಟಲೆ ಮುಟ್ಟದೆ ಇರಿಸುವುದಾದರೆ ಸುಗಂಧವಿಲ್ಲದ ಪೆಟ್ರೋಲಿಯಂ ಜೆಲ್ಲಿಯನ್ನು ಹೊರಮೈಗೆ ತೆಳುವಾಗಿ ಸವರಬಹುದು. ವಾಹನದಿಂದ ತೆಗೆದ ಹಳೆಯ ಎಂಜಿನ್ ಎಣ್ಣೆಯಲ್ಲಿ ಆಮ್ಲ ಮತ್ತು ಮಸಿ ಇರುವುದರಿಂದ ಅದನ್ನು ಬಳಸಬಾರದು. ಸೀಮೆಎಣ್ಣೆ ಕೊಳೆ ತೆಗೆಯಲು ಒಳ್ಳೆಯದಾದರೂ ಅದು ಆರಿಹೋಗುವಾಗ ಹಳೆಯ ಎಣ್ಣೆಯನ್ನೂ ತೊಳೆದುಕೊಂಡು ಹೋಗಿ ಲೋಹವನ್ನು ಬರಿದು ಮಾಡುತ್ತದೆ. ಆದುದರಿಂದ ಅದರ ನಂತರ ಎಣ್ಣೆ ಸವರಲೇಬೇಕು.

ಎಣ್ಣೆ ಹೆಚ್ಚಾದಷ್ಟೂ ಒಳ್ಳೆಯದೆಂಬುದು ಸರಿಯಲ್ಲ. ಬೆರಳಿಗೆ ಅಂಟುವಷ್ಟು ತೆಳುವಾದ ಪದರ ಸಾಕು. ಹೆಚ್ಚಾದ ಎಣ್ಣೆ ಕೆಳಗಿಳಿದು ಮರದ ಹಿಡಿಯೊಳಗೆ ಸೇರಿ ಮರವನ್ನು ಮೆತ್ತಗೆ ಮಾಡುತ್ತದೆ. ಬಂದೂಕನ್ನು ನಿಲ್ಲಿಸಿ ಇಡುವುದಾದರೆ, ಖಾಲಿ ಇರುವುದನ್ನು ಖಚಿತಪಡಿಸಿಕೊಂಡು, ನಳಿಗೆಯ ಬಾಯಿ ಕೆಳಗಾಗಿ ಒಂದು ಒಣಬಟ್ಟೆಯ ಮೇಲೆ ನಿಲ್ಲಿಸಿದರೆ ಎಣ್ಣೆ ಹಿಡಿಯತ್ತ ಇಳಿಯುವುದಿಲ್ಲ. ನಳಿಗೆಯ ಬಾಯಿಗೆ ಬಟ್ಟೆ ಅಥವಾ ಬೆಂಡು ತುರುಕುವುದು ಬೇಡ. ಒಳಗಿನ ತೇವ ಅಲ್ಲಿಯೇ ಉಳಿಯುತ್ತದೆ, ಮರೆತು ಹಾರಿಸಿದರೆ ನಳಿಗೆ ಸಿಡಿಯುತ್ತದೆ. ಒಳಗೆ ಸವರಿದ ಎಣ್ಣೆಯನ್ನು ಸಹ ಬಳಸುವ ಮುನ್ನ ಒರೆಸಿ ತೆಗೆಯತಕ್ಕದ್ದು.

ಎಲ್ಲಿ, ಹೇಗೆ ಇರಿಸಬೇಕು

ಗಾಳಿಯಾಡುವಂತೆ ಗೋಡೆಯ ಗೂಟಕ್ಕೆ ತೂಗುಹಾಕಿದರೆ ತುಕ್ಕು ಹಿಡಿಯದೆಂದು ಹಿರಿಯರು ಹೇಳುವುದುಂಟು. ತುಕ್ಕಿನ ದೃಷ್ಟಿಯಿಂದ ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಬಂದೂಕು ಕಣ್ಣಿಗೆ ಕಾಣುವಂತೆಯೂ ಕೈಗೆ ಎಟುಕುವಂತೆಯೂ ಇರಕೂಡದು. 2016ರ ಆಯುಧ ನಿಯಮಗಳು ಜಾರಿಗೆ ಬಂದ ಮೇಲೆ ಸುರಕ್ಷಿತ ಸಂಗ್ರಹಣೆಯ ಬಗ್ಗೆ ಅರ್ಜಿದಾರರಿಂದ ಮುಚ್ಚಳಿಕೆಯನ್ನು ಪಡೆಯಲಾಗುತ್ತಿದೆ. ಪರವಾನಗಿಯು ವ್ಯಕ್ತಿಗೆ ನೀಡಿದ್ದು, ಮನೆತನಕ್ಕೆ ಅಲ್ಲ. ಮನೆಯ ಮಕ್ಕಳ ಕುತೂಹಲ, ದಾಯಾದಿಗಳ ನಡುವೆ ಹೊತ್ತಿಕೊಳ್ಳುವ ಸಿಟ್ಟು, ಯಾರದೋ ಒಂದು ಗಳಿಗೆಯ ಹತಾಶೆ, ಇವುಗಳ ನಡುವೆ ಒಂದು ಬೀಗ ಇರುವುದಕ್ಕೂ ಇಲ್ಲದಿರುವುದಕ್ಕೂ ಬಹಳ ವ್ಯತ್ಯಾಸವಿದೆ. ಬೀಗ ತೆಗೆಯಲು ಹಿಡಿಯುವ ಹೊತ್ತಿನಲ್ಲಿ ಮನಸ್ಸು ಬದಲಾಗಬಹುದು, ಯಾರಾದರೂ ಬಂದು ತಡೆಯಬಹುದು.

ಆದುದರಿಂದ ಬೀಗವುಳ್ಳ ಉಕ್ಕಿನ ಬೀರುವೇ ಸೂಕ್ತ. ತೇವವನ್ನು ಅದರೊಳಗೆ ನಿಭಾಯಿಸಬೇಕು. ಬೀರುವನ್ನು ಮಳೆ ಬಡಿಯುವ ಹೊರಗೋಡೆಗಾಗಲಿ, ಬಚ್ಚಲುಮನೆಯ ಗೋಡೆಗಾಗಲಿ ತಾಗಿಸದೆ ಮನೆಯ ನಡುವಿನ ಗೋಡೆಯ ಪಕ್ಕ, ನೆಲದಿಂದ ಕೆಲವು ಅಂಗುಲ ಎತ್ತರದಲ್ಲಿ ನಿಲ್ಲಿಸಬೇಕು. ಒಳಗೆ ಸಿಲಿಕಾ ಜೆಲ್ ಹರಳುಗಳ ಚೀಲವನ್ನು ಇರಿಸಿದರೆ ಅದು ತೇವವನ್ನು ಹೀರುತ್ತದೆ. ಬಣ್ಣ ಬದಲಾಯಿಸುವ ಹರಳುಗಳಾದರೆ ನೀಲಿ ಇದ್ದದ್ದು ನಸುಗೆಂಪಾದಾಗ, ಅಥವಾ ಕಿತ್ತಳೆ ಇದ್ದದ್ದು ಹಸಿರಾದಾಗ, ಅವು ತೇವದಿಂದ ತುಂಬಿವೆ ಎಂದು ತಿಳಿಯಬೇಕು. ಸುಮಾರು 120 ಡಿಗ್ರಿ ಶಾಖದಲ್ಲಿ ಕೆಲವು ಗಂಟೆ ಒಣಗಿಸಿದರೆ ಪುನಃ ಉಪಯೋಗಕ್ಕೆ ಬರುತ್ತವೆ. ಒಮ್ಮೆ ಇಟ್ಟು ಮರೆತ ಚೀಲದಿಂದ ಪ್ರಯೋಜನವಿಲ್ಲ.

ಗೋಣಿ, ಕ್ಯಾನ್ವಾಸ್, ಚರ್ಮದ ಚೀಲ, ಸ್ಪಂಜು ಹಾಸಿದ ಪೆಟ್ಟಿಗೆ, ಇವೆಲ್ಲ ಸಾಗಾಟಕ್ಕೆ ಮಾತ್ರ. ಇವು ತೇವವನ್ನು ಹೀರಿ ಲೋಹದ ಮೈಗೆ ಒತ್ತಿ ಹಿಡಿದುಕೊಳ್ಳುತ್ತವೆ. ಚರ್ಮ ಹದಮಾಡಲು ಬಳಸಿದ ಲವಣಗಳಿಂದಲೂ ತುಕ್ಕು ಬರುತ್ತದೆ. ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತುವುದು ಇನ್ನೂ ಕೆಟ್ಟದ್ದು.

ರೈತರ ಮನೆಗಳಲ್ಲಿ ಕೊಠಡಿಯ ಆಯ್ಕೆಯೂ ಮುಖ್ಯವಾಗುತ್ತದೆ. ಯೂರಿಯಾ ಮತ್ತಿತರ ರಸಗೊಬ್ಬರದ ಚೀಲಗಳು, ಬ್ಲೀಚಿಂಗ್ ಪುಡಿ, ಬ್ಯಾಟರಿ ಇರುವ ಕೋಣೆಯಲ್ಲಿ ಬಂದೂಕು ಬೇಡ. ತೋಟಾಗಳನ್ನು ಕೊಟ್ಟಿಗೆಗೆ ಅಂಟಿದ ಕೋಣೆಯಲ್ಲಂತೂ ಇಡಬಾರದು. ಇದಕ್ಕೆ ನಮ್ಮ ದೇಶದ್ದೇ ಒಂದು ಹಳೆಯ ದೃಷ್ಟಾಂತವಿದೆ. 19ನೆಯ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೇನೆಯು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ದಾಸ್ತಾನು ಮಾಡಿದ್ದ ಹಿತ್ತಾಳೆಯ ತೋಟಾಗಳು ಯಾರೂ ಮುಟ್ಟದೆಯೇ ಬಿರುಕುಬಿಡುತ್ತಿದ್ದವು. ಮೂತ್ರದಿಂದ ಏಳುವ ಅಮೋನಿಯಾ ಅನಿಲವು ತೇವದೊಂದಿಗೆ ಸೇರಿ, ತಯಾರಿಕೆಯ ಹಂತದಲ್ಲಿ ಬಿಗಿತಗೊಂಡ ಹಿತ್ತಾಳೆಯನ್ನು ಸೀಳುತ್ತದೆಂಬುದು 1921ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಸ್ಪಷ್ಟವಾಯಿತು. ದನದ ಕೊಟ್ಟಿಗೆಯ ಗಾಳಿಯಲ್ಲಿರುವುದೂ ಅದೇ ಅಮೋನಿಯಾ. ತೋಟಾಗಳನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿ, ಬಂದೂಕಿನಿಂದ ಬೇರೆಯಾಗಿ, ಬೇರೆ ಬೀಗದಲ್ಲಿ ಇಡಬೇಕು. ಕಾಗದದ ಕವಚವುಳ್ಳ ತೋಟಾ ತೇವದಿಂದ ಊದಿಕೊಂಡು ನಳಿಗೆಗೆ ಕೂರದಂತಾಗುತ್ತದೆ. ಅಂಥವನ್ನು ಬಲವಂತವಾಗಿ ತುರುಕಬಾರದು.

ಆಯುಧಪೂಜೆಯ ನಂತರ

ನವರಾತ್ರಿಯಲ್ಲಿ ಬಂದೂಕನ್ನು ಪೂಜೆಗಿಡುವ ಪದ್ಧತಿ ಹಲವು ಮನೆಗಳಲ್ಲಿದೆ. ನೀರು ಚಿಮುಕಿಸಿ, ವಿಭೂತಿ, ಅರಿಶಿನ, ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು ಪೂಜಿಸಿದ ನಂತರ, ಹಚ್ಚಿದ್ದನ್ನು ಒರೆಸಬಾರದೆಂಬ ಭಾವನೆಯಿಂದ ಹಾಗೆಯೇ ಬಿಡುವವರಿದ್ದಾರೆ. ಜಿಲ್ಲೆಯಲ್ಲಿ ಆರ್ದ್ರತೆ ಹೆಚ್ಚಾಗಿರುವ ದಿನಗಳೇ ಅವು. ಒದ್ದೆಯಾದ ವಿಭೂತಿ ಕುಂಕುಮಗಳು ತೇವವನ್ನು ಹಿಡಿದಿಟ್ಟುಕೊಳ್ಳುತ್ತವೆ, ನಿಂಬೆಯ ರಸವು ಲೋಹದ ನೀಲಿಗಪ್ಪು ಲೇಪವನ್ನೇ ತಿನ್ನುತ್ತದೆ. ಪೂಜೆಯ ಮರುದಿನ ಒರೆಸಿ ಎಣ್ಣೆ ಸವರುವುದರಿಂದ ಶ್ರದ್ಧೆಗೆ ಕುಂದಾಗದು.

ಕೊಡಗಿನ ರೂಢಿ ಇಲ್ಲಿ ನೆನಪಾಗುತ್ತದೆ. ಅಲ್ಲಿ ನಾಟಿ ಕೆಲಸ ಮುಗಿದು ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಮನೆಯ ಕೋವಿಗಳನ್ನೆಲ್ಲ ಹೊರತೆಗೆದು ಶುಚಿಗೊಳಿಸಿ, ತೋಕ್ ಪೂ ಹೂವಿನಿಂದ ಅಲಂಕರಿಸಿ ಪೂಜಿಸಲಾಗುತ್ತದೆ. ಅಂದರೆ ಜಡಿಮಳೆಯ ತಿಂಗಳುಗಳು ಕಳೆಯುತ್ತಿದ್ದಂತೆಯೇ ಪ್ರತಿ ಕೋವಿಯೂ ವರ್ಷಕ್ಕೊಮ್ಮೆ ಪರೀಕ್ಷೆಗೆ ಒಳಗಾಗುತ್ತದೆ. ನಮ್ಮಲ್ಲಿ ಆಯುಧಪೂಜೆಯ ದಿನವನ್ನು ಹಾಗೆ ಬಳಸಿಕೊಳ್ಳಬಹುದು. ಆದರೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೇಂದ್ರ ಸರ್ಕಾರ 2019ರಲ್ಲಿ ಮುಂದುವರಿಸಿದ, 2029ರ ಅಕ್ಟೋಬರ್‌ವರೆಗಿನ ಪರವಾನಗಿ ವಿನಾಯಿತಿ ತುಮಕೂರು ಜಿಲ್ಲೆಯವರಿಗೆ ಅನ್ವಯಿಸುವುದಿಲ್ಲ.

ತುಕ್ಕು ಈಗಾಗಲೇ ಹಿಡಿದಿದ್ದರೆ

ಮೇಲ್ಮೈಯಲ್ಲಿ ಕೆಂಪು ಪುಡಿಯಷ್ಟೇ ಇದ್ದಲ್ಲಿ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು, ಒರಟು ಹತ್ತಿಬಟ್ಟೆಯಿಂದ ಮೆಲ್ಲಗೆ ಒರೆಸಬಹುದು. ಅಚ್ಚೊತ್ತಿದ ಅಂಕಿಗಳ ಮೇಲೆ ಮರಳು ಕಾಗದ, ಅರ, ಹುಣಸೆಹಣ್ಣು, ಆಸಿಡ್ ಯಾವುದನ್ನೂ ಬಳಸಕೂಡದು. ಬೆರಳಿಗೆ ಕುಳಿ ತಾಗುವಷ್ಟು ತುಕ್ಕು ಇಳಿದಿದ್ದರೆ, ಅಥವಾ ನಳಿಗೆಯ ಒಳಗೆ ಕಪ್ಪು ಚುಕ್ಕೆಗಳು ಕಂಡರೆ, ಆ ಬಂದೂಕನ್ನು ಹಾರಿಸದೆ ಪರೀಕ್ಷೆಗೆ ಒಪ್ಪಿಸಬೇಕು.

ಊರಿನ ಕುಲುಮೆಯಲ್ಲಿ ದುರಸ್ತಿ ಮಾಡಿಸುವುದು ಬಹುಕಾಲದಿಂದ ನಡೆದುಬಂದಿರಬಹುದು. ಆದರೆ ಅಧಿನಿಯಮದ 5ನೆಯ ಪ್ರಕರಣದಂತೆ ಬಂದೂಕಿನ ದುರಸ್ತಿಗೂ ಪರವಾನಗಿ ಬೇಕು. ಪರವಾನಗಿಯಿಲ್ಲದೆ ದುರಸ್ತಿ ಮಾಡುವುದಕ್ಕೆ 2019ರ ತಿದ್ದುಪಡಿಯ ನಂತರ ಕನಿಷ್ಠ ಏಳು ವರ್ಷಗಳ ಕಾರಾವಾಸ ವಿಧಿಸಬಹುದಾಗಿದೆ. ನೆರವಾಗಲು ಹೋದ ಕಮ್ಮಾರನನ್ನು ಇಂಥ ಸಂಕಟಕ್ಕೆ ಸಿಲುಕಿಸುವುದು ನ್ಯಾಯವಲ್ಲ. ಬಾಯಿಯ ಬಳಿ ತುಕ್ಕು ತಿಂದಿದೆಯೆಂದು ನಳಿಗೆಯನ್ನು ಕತ್ತರಿಸಿ ಗಿಡ್ಡ ಮಾಡುವುದು 6ನೆಯ ಪ್ರಕರಣದಡಿ ಪ್ರತ್ಯೇಕವಾಗಿ ನಿಷಿದ್ಧ. ಸಂಖ್ಯೆ ಮಸುಕಾಗುತ್ತಿರುವುದು ಗಮನಕ್ಕೆ ಬಂದ ಕೂಡಲೇ, ಅದು ಪೂರ್ಣ ಅಳಿಯುವ ಮುನ್ನವೇ, ಪರವಾನಗಿ ಪ್ರಾಧಿಕಾರಕ್ಕೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆದುಕೊಳ್ಳುವುದು ಪರವಾನಗಿದಾರರ ಹಿತದೃಷ್ಟಿಯಿಂದ ಅಗತ್ಯ.

ಚುನಾವಣೆಯ ಠೇವಣಿ

ಚುನಾವಣೆ ಘೋಷಣೆಯಾದಾಗ ಆದೇಶದಂತೆ ಬಂದೂಕುಗಳನ್ನು ಠಾಣೆಯಲ್ಲಿ ಠೇವಣಿ ಇರಿಸಬೇಕಾಗುತ್ತದೆ. ಕೋರ ಹೋಬಳಿಯವರು ಸಾಮಾನ್ಯವಾಗಿ ಕೋರ ಠಾಣೆಯಲ್ಲಿ ಇರಿಸುತ್ತಾರೆ. ಈ ಅವಧಿ ಎಷ್ಟು ದೀರ್ಘವಾಗಬಹುದೆಂಬುದನ್ನು ಮುಂಚಿತವಾಗಿ ಅರಿತಿರಬೇಕು. 2024ರ ಲೋಕಸಭಾ ಚುನಾವಣೆಯ ನೀತಿ ಸಂಹಿತೆ ಮಾರ್ಚ್ 16ರಂದು ಜಾರಿಗೆ ಬಂದಿತು. ತುಮಕೂರು ಕ್ಷೇತ್ರದ ಮತದಾನ ಏಪ್ರಿಲ್ 26ರಂದೇ ಮುಗಿದರೂ ಫಲಿತಾಂಶ ಬಂದದ್ದು ಜೂನ್ 4ರಂದು. ಅಂದರೆ ಒಟ್ಟು 80 ದಿನಗಳು, ಅದೂ ಮುಂಗಾರು ಪೂರ್ವದ ಮಳೆ ಬೀಳುವ ದಿನಗಳನ್ನು ಒಳಗೊಂಡು. ಹಿಂದಿರುಗಿಸುವುದು ಫಲಿತಾಂಶದ ಒಂದು ವಾರದ ನಂತರ.

ನೂರಾರು ಬಂದೂಕುಗಳು ಒಂದೇ ಕೋಣೆಯಲ್ಲಿರುವಾಗ ಪ್ರತಿಯೊಂದಕ್ಕೂ ಠಾಣೆಯ ಸಿಬ್ಬಂದಿ ಎಣ್ಣೆ ಹಚ್ಚಲಾರರು. ಆದುದರಿಂದ ಠೇವಣಿಗೆ ಒಯ್ಯುವ ಹಿಂದಿನ ದಿನ ಪರವಾನಗಿದಾರರೇ ಬಂದೂಕನ್ನು ಖಾಲಿ ಮಾಡಿ, ಶುಚಿಗೊಳಿಸಿ, ಸಾಮಾನ್ಯಕ್ಕಿಂತ ತುಸು ದಪ್ಪವಾಗಿ ಎಣ್ಣೆ ಅಥವಾ ಜೆಲ್ಲಿ ಸವರಿ, ಎಣ್ಣೆ ಸೋಕಿಸಿದ ಹತ್ತಿಬಟ್ಟೆಯಲ್ಲಿ ಸುತ್ತಿ ಕೊಡುವುದು ಸೂಕ್ತ. ಹೆಸರು ಮತ್ತು ಪರವಾನಗಿ ಸಂಖ್ಯೆಯ ಚೀಟಿಯನ್ನು ದಾರದಿಂದ ಕಟ್ಟಬೇಕು, ಅಂಟುಪಟ್ಟಿಯಿಂದ ಲೋಹಕ್ಕೆ ಅಂಟಿಸಬಾರದು. ರಶೀದಿಯಲ್ಲಿ ಬಂದೂಕಿನ ಸಂಖ್ಯೆಯೊಂದಿಗೆ ಅದರ ಸ್ಥಿತಿಯನ್ನೂ ಬರೆಯುವಂತೆ ಕೋರಬಹುದು. ಮರಳಿ ಪಡೆಯುವಾಗ ಸಂಖ್ಯೆಯನ್ನು ಹೋಲಿಸಿ ನೋಡಿಯೇ ಸಹಿ ಮಾಡತಕ್ಕದ್ದು. ಜೀವಭಯ ಮೊದಲಾದ ಕಾರಣಗಳಿಂದ ಠೇವಣಿಯಿಂದ ವಿನಾಯಿತಿ ಬೇಕಾದವರು ಜಿಲ್ಲಾ ಪರಿಶೀಲನಾ ಸಮಿತಿಗೆ ಸಕಾಲದಲ್ಲಿ ಅರ್ಜಿ ಸಲ್ಲಿಸಬಹುದು.

ತಂದೆಯವರ ಕಾಲದ ಬಂದೂಕು

ಪರವಾನಗಿದಾರರು ನಿಧನರಾದ ನಂತರ ಬಂದೂಕನ್ನು ನೆನಪಿಗಾಗಿ ಅಟ್ಟದಲ್ಲಿರಿಸಿ ವರ್ಷಗಳ ಮೇಲೆ ತುಕ್ಕುಹಿಡಿದ ಸ್ಥಿತಿಯಲ್ಲಿ ಹೊರತೆಗೆಯುವ ಪ್ರಸಂಗಗಳಿವೆ. ಇದು ಎರಡು ರೀತಿಯ ನಷ್ಟ. ಪರವಾನಗಿಯಿಲ್ಲದ ಸ್ವಾಧೀನ ಅಪರಾಧವಾಗುತ್ತದೆ, ಬಂದೂಕೂ ಕೆಡುತ್ತದೆ. ಅಧಿನಿಯಮದ 21ನೆಯ ಪ್ರಕರಣದಂತೆ ವಿನಾಕಾರಣ ತಡಮಾಡದೆ ಅದನ್ನು ಹತ್ತಿರದ ಠಾಣೆಯಲ್ಲಾಗಲಿ ಪರವಾನಗಿ ಪಡೆದ ಮಾರಾಟಗಾರರಲ್ಲಾಗಲಿ ಠೇವಣಿ ಇರಿಸತಕ್ಕದ್ದು. ನಿಗದಿತ ಅವಧಿಯೊಳಗೆ ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಪಡೆದು ಅದನ್ನು ಹಿಂಪಡೆಯಬಹುದು ಅಥವಾ ಅರ್ಹರಿಗೆ ಮಾರಬಹುದು. ಪರವಾನಗಿದಾರರು ಬದುಕಿರುವಾಗಲೇ, ಅವರಿಗೆ 70 ವರ್ಷ ತುಂಬಿದ್ದರೆ ಅಥವಾ 25 ವರ್ಷ ಬಂದೂಕು ಹೊಂದಿದ್ದರೆ, ವಾರಸುದಾರರ ಹೆಸರಿಗೆ ಪರವಾನಗಿ ಕೋರಲು 2016ರ ನಿಯಮಗಳಲ್ಲಿ ಅವಕಾಶವಿದೆ. ವಯಸ್ಸಾಗಿ ಬಂದೂಕನ್ನು ಒರೆಸಿ ಇಡುವ ಶಕ್ತಿಯೂ ಇಲ್ಲದವರು ಈ ಅವಕಾಶವನ್ನು ಪರಿಶೀಲಿಸಬೇಕು. 2019ರ ಡಿಸೆಂಬರ್‌ನಿಂದ ಸಾಮಾನ್ಯವಾಗಿ ಒಬ್ಬ ಪರವಾನಗಿದಾರರು ಎರಡಕ್ಕಿಂತ ಹೆಚ್ಚು ಬಂದೂಕು ಹೊಂದುವಂತಿಲ್ಲ ಎಂಬುದನ್ನೂ ಗಮನಿಸತಕ್ಕದ್ದು.

ನವೀಕರಣಕ್ಕೆ ಬರುವವರಿಗೆ

ಅದೇ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಮೂರು ವರ್ಷಗಳ ಬದಲಿಗೆ ಐದು ವರ್ಷಗಳಾಗಿದೆ. ಕಚೇರಿಗೆ ಬರುವ ಅಲೆದಾಟ ಕಡಿಮೆಯಾಗಿರುವುದು ನಿಜವಾದರೂ ಬಂದೂಕು ಯಾರ ಕಣ್ಣಿಗೂ ಬೀಳದೆ ಉಳಿಯುವ ಕಾಲವೂ ಅಷ್ಟೇ ಹೆಚ್ಚಿದೆ. ಅವಧಿ ಮುಗಿಯುವುದಕ್ಕೆ ಎರಡು ಮೂರು ತಿಂಗಳ ಮುನ್ನ ಬಂದೂಕನ್ನು ಹೊರತೆಗೆದು, ಸಂಖ್ಯೆ, ನಳಿಗೆಯ ಒಳಭಾಗ, ಕೀಲುಗಳನ್ನು ಪರೀಕ್ಷಿಸಿದರೆ ದುರಸ್ತಿಗೆ ಸಮಯ ದೊರೆಯುತ್ತದೆ. ಪರಿಶೀಲನೆಗೆ ತರುವಂತೆ ಸೂಚಿಸಿದಾಗ ಬಂದೂಕನ್ನು ಖಾಲಿ ಮಾಡಿ, ಚೀಲದಲ್ಲಿರಿಸಿ, ಮೂಲ ಪರವಾನಗಿಯೊಂದಿಗೆ ತರಬೇಕು. ತೋಟಾಗಳನ್ನು ಪ್ರತ್ಯೇಕವಾಗಿ ತರಬೇಕು. ಸಂಖ್ಯೆ ಇರುವ ಭಾಗದ ಎಣ್ಣೆಯನ್ನು ಒರೆಸಿಕೊಂಡು ಬಂದರೆ ಸಿಬ್ಬಂದಿಗೆ ಓದಲು ಅನುಕೂಲವಾಗುತ್ತದೆ. ಮನೆಗೆ ಹಿಂದಿರುಗಿದ ನಂತರ ಅಲ್ಲಿ ಮತ್ತೆ ಎಣ್ಣೆ ಸವರತಕ್ಕದ್ದು.